ಟಿ ಕೋಶಗಳನ್ನು ಬೆಳೆಸುವ ಪಾಲಿಮರ್ ಮೇಲ್ಮೈಗಳು

ಮನುಷ್ಯನ ರಕ್ತದಿಂದ ಬೇರ್ಪಡಿಸಿದ ರೋಗನಿರೋಧಕ ಕೋಶಗಳನ್ನು ದೇಹದ ಹೊರಗೆ, ಪ್ರಯೋಗಾಲಯದಲ್ಲಿ, ಪ್ರಚೋದಿಸಿ ಅವುಗಳ ಸಂಖ್ಯೆಯನ್ನು ಹೆಚ್ಚಿಸಲು ಕೃತಕ ಪಾಲಿಮರ್‌ನಿಂದ ತಯಾರಿಸಿದ ಮಣಿ, ಹಾಳೆ, ಎಳೆ ಮುಂತಾದ ರಚನೆಗಳನ್ನು ಬಳಸಲಾಗುತ್ತದೆ. ಇವುಗಳನ್ನು ಟಿ ಕೋಶಗಳನ್ನು ಬೆಳೆಸುವ ಪಾಲಿಮರ್ ಮೇಲ್ಮೈಗಳು ಎನ್ನಬಹುದು. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದವು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಸೂಕ್ಷ್ಮಮಣಿಗಳು. ಮಣಿಯ ಹೊರಮೈಗೆ ಎರಡು ಬಗೆಯ ಪ್ರತಿಕಾಯಗಳನ್ನು ಜೋಡಿಸಿದಾಗ, ಟಿ ಕೋಶವು ಆ ಮಣಿಯನ್ನು ದೇಹದೊಳಗಿನ ಇನ್ನೊಂದು ಜೀವಕೋಶವೆಂದೇ ಗ್ರಹಿಸಿ ವಿಭಜನೆಗೆ ತೊಡಗುತ್ತದೆ. ಈ ಕಾರಣದಿಂದ ಇಂತಹ ಮಣಿಗಳಿಗೆ ‘ಕೃತಕ ಪ್ರತಿಜನಕ ಪ್ರದರ್ಶಕ ಕೋಶಗಳು’ ಎಂಬ ಹೆಸರೂ ಇದೆ.

ರಕ್ತದ ಕ್ಯಾನ್ಸರಿಗೆ ನೀಡುವ ಕಾರ್-ಟಿ ಚಿಕಿತ್ಸೆಯಲ್ಲಿ ಈ ಮೇಲ್ಮೈಗಳಿಗೆ ಮಹತ್ವದ ಸ್ಥಾನವಿದೆ. ರೋಗಿಯ ಸ್ವಂತ ಟಿ ಕೋಶಗಳೇ ಅಲ್ಲಿ ಔಷಧ. ಹಲವು ಸುತ್ತಿನ ಕೀಮೋಥೆರಪಿಯ ನಂತರ ಅಂತಹ ಕೋಶಗಳು ರೋಗಿಯ ರಕ್ತದಲ್ಲಿ ಕಡಿಮೆಯಿರುತ್ತವೆ, ಉಳಿದವೂ ದುರ್ಬಲವಾಗಿರುತ್ತವೆ. ರೋಗ ಕೈಮೀರುವುದರೊಳಗೆ ಅವುಗಳನ್ನು ಕೋಟಿಗಳ ಸಂಖ್ಯೆಯಲ್ಲಿ ಬೆಳೆಸಬೇಕಾಗುತ್ತದೆ. ಆ ಬೆಳವಣಿಗೆ ಸಾಧ್ಯವಾಗುವುದು ಅವುಗಳ ಸಂಪರ್ಕಕ್ಕೆ ಬರುವ ಮೇಲ್ಮೈಯಿಂದ. ಒಂದೇ ಪ್ರತಿಕಾಯವು ದ್ರವದಲ್ಲಿ ಕರಗಿರುವಾಗ ಒಂದು ರೀತಿಯಲ್ಲಿಯೂ ಗಟ್ಟಿಯಾದ ಮೇಲ್ಮೈಗೆ ಅಂಟಿಕೊಂಡಿರುವಾಗ ಇನ್ನೊಂದು ರೀತಿಯಲ್ಲಿಯೂ ವರ್ತಿಸುತ್ತದೆ. ಹಾಗಾಗಿ ಈ ವಿಷಯದಲ್ಲಿ ಯಾವ ಅಣುವನ್ನು ಬಳಸಲಾಗಿದೆ ಎಂಬ ಪ್ರಶ್ನೆಯಷ್ಟೇ ಅದನ್ನು ಯಾವುದರ ಮೇಲೆ, ಹೇಗೆ ನಿಲ್ಲಿಸಲಾಗಿದೆ ಎಂಬ ಪ್ರಶ್ನೆಯೂ ಮುಖ್ಯ.

ಟಿ ಕೋಶ ಮತ್ತು ಎರಡು ಸಂಕೇತಗಳು

ಟಿ ಕೋಶಗಳು ಬಿಳಿ ರಕ್ತಕಣಗಳ ಒಂದು ವರ್ಗ. ಇವು ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಯ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಪಕ್ವಗೊಳ್ಳುತ್ತವೆ. ಹೆಸರಿನಲ್ಲಿರುವ ‘ಟಿ’ ಅಕ್ಷರವು ಥೈಮಸ್ ಎಂಬುದರ ಮೊದಲ ಅಕ್ಷರ. ವಿಶ್ರಾಂತ ಸ್ಥಿತಿಯಲ್ಲಿರುವ ಟಿ ಕೋಶದ ವ್ಯಾಸ ಸುಮಾರು 7 ಮೈಕ್ರೋಮೀಟರ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರೋಮೀಟರ್.

ಪ್ರತಿಯೊಂದು ಟಿ ಕೋಶದ ಹೊರಪೊರೆಯ ಮೇಲೆ ಒಂದೇ ಬಗೆಯ ಸಾವಿರಾರು ಗ್ರಾಹಕ ಅಣುಗಳಿರುತ್ತವೆ. ಬೀಗಕ್ಕೆ ತಕ್ಕ ಕೀಲಿಯಂತೆ, ತನ್ನ ಗ್ರಾಹಕಕ್ಕೆ ಹೊಂದುವ ಪ್ರತಿಜನಕ ಎದುರಾದಾಗ ಮಾತ್ರ ಆ ಕೋಶ ಪ್ರತಿಕ್ರಿಯಿಸುತ್ತದೆ. ಆದರೆ ಸೋಂಕುಕಾರಕದ ತುಣುಕು ರಕ್ತದಲ್ಲಿ ತೇಲುತ್ತಿದ್ದರೆ ಸಾಲದು. ಡೆಂಡ್ರೈಟಿಕ್ ಕೋಶದಂತಹ ಪ್ರತಿಜನಕ ಪ್ರದರ್ಶಕ ಕೋಶವೊಂದು ಆ ತುಣುಕನ್ನು ತನ್ನ ಹೊರಮೈಯಲ್ಲಿ ಎತ್ತಿ ಹಿಡಿಯಬೇಕು. ದುಗ್ಧರಸ ಗ್ರಂಥಿಗಳಲ್ಲಿ ಟಿ ಕೋಶಗಳು ಇಂತಹ ಪ್ರದರ್ಶಕ ಕೋಶಗಳನ್ನು ಒಂದೊಂದಾಗಿ ಸವರುತ್ತಾ ಸಾಗುತ್ತವೆ. ಹೊಂದಾಣಿಕೆಯಾದಲ್ಲಿ ನಿಂತು, ಎರಡು ಕೋಶಗಳ ಮೈ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಹೀಗೆ ಏರ್ಪಡುವ ಸಂಪರ್ಕ ಪ್ರದೇಶಕ್ಕೆ ಇಮ್ಯೂನ್ ಸಿನಾಪ್ಸ್ ಎಂದು ಹೆಸರು.

ಈ ಸಂಪರ್ಕದಲ್ಲಿ ಎರಡು ಸಂಕೇತಗಳು ಸೇರಬೇಕು. ಮೊದಲನೆಯದು ಟಿ ಕೋಶದ ಗ್ರಾಹಕದ ಮೂಲಕ ಬರುತ್ತದೆ; ಗ್ರಾಹಕಕ್ಕೆ ಹೊಂದಿಕೊಂಡಿರುವ ಸಿಡಿ3 ಎಂಬ ಪ್ರೋಟೀನ್ ಸಮೂಹವು ಅದನ್ನು ಕೋಶದ ಒಳಗೆ ಮುಟ್ಟಿಸುತ್ತದೆ. ಎರಡನೆಯದು ಸಿಡಿ28 ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಬರುವ ಸಹಪ್ರಚೋದನೆ. ಮೊದಲನೆಯದು ‘ಇದು ನೀನು ಗುರುತಿಸಬೇಕಾದ ವಸ್ತು’ ಎಂದರೆ, ಎರಡನೆಯದು ‘ಇದು ನಿಜಕ್ಕೂ ಅಪಾಯದ ಸಂದರ್ಭ’ ಎಂದು ದೃಢಪಡಿಸುತ್ತದೆ. ಎರಡೂ ಕೂಡಿದಾಗ ಟಿ ಕೋಶ ಗಾತ್ರದಲ್ಲಿ ಹಿಗ್ಗಿ, ಇಂಟರ್‌ಲ್ಯೂಕಿನ್-2 ಎಂಬ ವೃದ್ಧಿಕಾರಕವನ್ನು ಸ್ರವಿಸಿ, ಮತ್ತೆ ಮತ್ತೆ ವಿಭಜಿಸುತ್ತದೆ. ಮೊದಲನೆಯ ಸಂಕೇತ ಮಾತ್ರ ದೊರೆತರೆ ಅದು ವಿಭಜಿಸುವ ಬದಲು ಜಡವಾಗಿ ಉಳಿಯಬಹುದು, ಇಲ್ಲವೇ ಸಾಯಬಹುದು. ದೇಹವು ತನ್ನದೇ ಅಂಗಾಂಶಗಳ ಮೇಲೆ ಎರಗದಂತೆ ತಡೆಯುವ ಏರ್ಪಾಡುಗಳಲ್ಲಿ ಇದೂ ಒಂದು.

ಕೃತಕ ಮೇಲ್ಮೈಯ ಅಗತ್ಯ

ಟಿ ಕೋಶಗಳನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸುವುದು 1970ರ ದಶಕದ ಮಧ್ಯಭಾಗದವರೆಗೆ ಸಾಧ್ಯವಾಗಿರಲಿಲ್ಲ. 1976ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೊ ಅವರ ಪ್ರಯೋಗಾಲಯದಿಂದ ಟಿ ಕೋಶ ವೃದ್ಧಿಕಾರಕದ ವರದಿ ಪ್ರಕಟವಾಯಿತು. ಇಂಟರ್‌ಲ್ಯೂಕಿನ್-2 ಎಂದು ಮುಂದೆ ಹೆಸರಾದದ್ದು ಇದೇ. ಅದಕ್ಕೆ ಒಂದು ವರ್ಷ ಮೊದಲು, 1975ರಲ್ಲಿ, ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಅವರು ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪ್ರಮಾಣದಲ್ಲಿ ತಯಾರಿಸುವ ವಿಧಾನವನ್ನು ಪ್ರಕಟಿಸಿದ್ದರು. 1984ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. ಇಂತಹ ಪ್ರತಿಕಾಯಗಳಿಗೆ ಏಕತದ್ರೂಪಿ ಪ್ರತಿಕಾಯಗಳು ಎಂದು ಹೆಸರು. ಸಿಡಿ3ಕ್ಕೆ ಮತ್ತು ಸಿಡಿ28ಕ್ಕೆ ಅಂಟುವ ಪ್ರತಿಕಾಯಗಳು ದೊರೆತ ಮೇಲೆ, ನಿಜವಾದ ಪ್ರತಿಜನಕದ ನೆರವಿಲ್ಲದೆಯೂ ಟಿ ಕೋಶಕ್ಕೆ ಆ ಎರಡು ಸಂಕೇತಗಳನ್ನು ಕೊಡಬಹುದೆಂಬ ಆಲೋಚನೆ ಮೂಡಿತು.

ಮೊದಮೊದಲು ಈ ಕೆಲಸಕ್ಕೆ ಜೀವಂತ ಕೋಶಗಳನ್ನೇ ಆಧಾರವಾಗಿ ಬಳಸಲಾಗುತ್ತಿತ್ತು. ರೋಗಿಯ ಅಥವಾ ದಾನಿಯ ರಕ್ತದ ಇತರ ಕೋಶಗಳನ್ನು ವಿಭಜನೆಯಾಗದಂತೆ ವಿಕಿರಣಕ್ಕೆ ಒಡ್ಡಿ ಟಿ ಕೋಶಗಳ ಜತೆ ಬೆರೆಸುವುದು ರೂಢಿಯಲ್ಲಿತ್ತು. ಇವುಗಳಿಗೆ ಪೋಷಕ ಕೋಶಗಳು ಎನ್ನುತ್ತಾರೆ. ಇವುಗಳ ಗುಣ ಒಬ್ಬ ದಾನಿಯಿಂದ ಇನ್ನೊಬ್ಬರಿಗೆ ಬೇರೆಯಾಗುತ್ತದೆ. ಪ್ರತಿಯೊಂದು ತಂಡವನ್ನೂ ಸೋಂಕಿಗಾಗಿ ಪರೀಕ್ಷಿಸಬೇಕು. ಕ್ಯಾನ್ಸರ್ ರೋಗಿಯ ಡೆಂಡ್ರೈಟಿಕ್ ಕೋಶಗಳು ರೋಗದಿಂದಲೇ ಕುಂಠಿತವಾಗಿರುವುದೂ ಉಂಟು. ಎಲ್ಲ ರೋಗಿಗಳಿಗೂ ಒಂದೇ ಗುಣಮಟ್ಟದ ಚಿಕಿತ್ಸೆ ದೊರೆಯಬೇಕಾದರೆ, ಕಪಾಟಿನಲ್ಲಿಟ್ಟು ಬೇಕೆಂದಾಗ ತೆಗೆದು ಬಳಸಬಹುದಾದ, ಪ್ರತಿ ಬಾರಿಯೂ ಒಂದೇ ರೀತಿ ವರ್ತಿಸುವ ನಿರ್ಜೀವ ವಸ್ತು ಬೇಕಾಯಿತು.

ಪಾಲಿಸ್ಟೈರೀನ್

ಪಾಲಿಮರ್ ಎಂದರೆ ಚಿಕ್ಕ ಅಣುಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ಆದ ಬೃಹತ್ ಅಣು. ಸ್ಟೈರೀನ್ ಎಂಬ ದ್ರವದ ಅಣುಗಳು ಹೀಗೆ ಸೇರಿದರೆ ಪಾಲಿಸ್ಟೈರೀನ್ ಆಗುತ್ತದೆ. ಇದನ್ನು ಮೊದಲು ಗಮನಿಸಿದವರು ಜರ್ಮನಿಯ ಔಷಧ ತಯಾರಕ ಎಡ್ವರ್ಡ್ ಸೈಮನ್, ವರ್ಷ 1839. ಅದು ಸರಪಳಿಯಂತಹ ಬೃಹತ್ ಅಣು ಎಂಬುದನ್ನು ಸುಮಾರು 80 ವರ್ಷಗಳ ನಂತರ ವಿವರಿಸಿದವರು ಜರ್ಮನಿಯವರೇ ಆದ ಹರ್ಮನ್ ಸ್ಟೌಡಿಂಗರ್. ಪಾಲಿಮರ್‌ಗಳ ಕುರಿತ ಸಂಶೋಧನೆಗಾಗಿ ಅವರಿಗೆ 1953ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಬಳಸಿ ಎಸೆಯುವ ಲೋಟ, ಪೆಟ್ಟಿಗೆಗಳಲ್ಲಿ ತುಂಬುವ ಥರ್ಮೋಕೋಲ್ ಮುಂತಾದವು ಇದೇ ವಸ್ತುವಿನವು.

ಜೀವವಿಜ್ಞಾನದ ಪ್ರಯೋಗಾಲಯಗಳಿಗೆ ಪಾಲಿಸ್ಟೈರೀನ್ ಪ್ರಿಯವಾಗಲು ಹಲವು ಕಾರಣಗಳಿವೆ. ಅದು ಪಾರದರ್ಶಕ, ಅಗ್ಗ, ಬೇಕಾದ ಅಚ್ಚಿಗೆ ಒಗ್ಗುತ್ತದೆ, ಪೋಷಕ ದ್ರವದಲ್ಲಿ ಕರಗುವುದಿಲ್ಲ. ಅದರ ಸಹಜ ಮೇಲ್ಮೈ ನೀರನ್ನು ಒಲ್ಲದು. ಇದೇ ಗುಣದಿಂದಾಗಿ ಪ್ರೋಟೀನುಗಳು ಅದಕ್ಕೆ ತಾವಾಗಿಯೇ ಅಂಟಿಕೊಳ್ಳುತ್ತವೆ. ರಕ್ತಪರೀಕ್ಷೆಯಲ್ಲಿ ಬಳಸುವ ಎಲಿಸಾ ತಟ್ಟೆಗಳು ನಿಂತಿರುವುದು ಈ ತತ್ತ್ವದ ಮೇಲೆ. ಆದರೆ ಹೀಗೆ ಅಂಟಿದ ಪ್ರತಿಕಾಯಗಳು ಅಡ್ಡಾದಿಡ್ಡಿಯಾಗಿ ಮಲಗಿರುತ್ತವೆ ಮತ್ತು ಕಾಲಕ್ರಮದಲ್ಲಿ ಕಳಚಿಕೊಳ್ಳಲೂಬಹುದು. ಚಿಕಿತ್ಸೆಗೆ ಬಳಸುವ ಮಣಿಗಳಲ್ಲಿ ಇದನ್ನು ತಪ್ಪಿಸಲು, ಮೇಲ್ಮೈಯ ಮೇಲೆ ಕ್ರಿಯಾಶೀಲ ರಾಸಾಯನಿಕ ಗುಂಪುಗಳನ್ನು ಕೂರಿಸಿ ಅವುಗಳಿಗೆ ಪ್ರತಿಕಾಯಗಳನ್ನು ಗಟ್ಟಿಯಾದ ರಾಸಾಯನಿಕ ಬಂಧದಿಂದ ಕಟ್ಟಲಾಗುತ್ತದೆ.

ಉಗೆಲ್‌ಸ್ಟಾಡ್ ಮಣಿಗಳು

ಮಣಿಗಳು ಎಲ್ಲವೂ ಒಂದೇ ಗಾತ್ರದಲ್ಲಿರಬೇಕು ಎಂಬುದು ಮೇಲ್ನೋಟಕ್ಕೆ ಸಣ್ಣ ಸಂಗತಿ. ಗಾತ್ರ ಬದಲಾದರೆ ಮೇಲ್ಮೈಯ ವಿಸ್ತೀರ್ಣ ಬದಲಾಗುತ್ತದೆ, ಅದರ ಮೇಲಿನ ಪ್ರತಿಕಾಯಗಳ ಸಂಖ್ಯೆಯೂ ಬದಲಾಗುತ್ತದೆ. ಆಗ ಯಾವ ಕೋಶಕ್ಕೆ ಎಷ್ಟು ಪ್ರಚೋದನೆ ಸಿಕ್ಕಿತು ಎಂಬುದಕ್ಕೆ ಲೆಕ್ಕವೇ ಇರುವುದಿಲ್ಲ. ಆದರೆ ಕೆಲವು ಮೈಕ್ರೋಮೀಟರ್ ವ್ಯಾಸದ ಸಮಗಾತ್ರದ ಮಣಿಗಳನ್ನು ತಯಾರಿಸುವುದು ಬಹುಕಾಲ ಕಷ್ಟವಾಗಿತ್ತು. ಬೆಳೆಯುತ್ತಿರುವ ಕಣಗಳು ಗುರುತ್ವದಿಂದಾಗಿ ದ್ರವದ ತಳಕ್ಕೆ ಇಳಿದೋ ಮೇಲಕ್ಕೆ ತೇಲಿಯೋ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಈ ತೊಡಕನ್ನು ದಾಟಲು ಅಮೆರಿಕದ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಬಾಹ್ಯಾಕಾಶ ನೌಕೆಯೊಳಗೆ, ಭಾರರಹಿತ ಸ್ಥಿತಿಯಲ್ಲಿ, ಪಾಲಿಸ್ಟೈರೀನ್ ಮಣಿಗಳನ್ನು ತಯಾರಿಸಿದರು. ಅಲ್ಲಿ ತಯಾರಾದ 10 ಮೈಕ್ರೋಮೀಟರಿನ ಮಣಿಗಳು ಅಳತೆಯ ಮಾನಕವಾಗಿ ಮಾರಾಟಕ್ಕೂ ಬಂದವು.

ಅಷ್ಟರಲ್ಲಾಗಲೇ ನಾರ್ವೆಯ ಟ್ರಾಂಡ್‌ಹೈಮ್ ನಗರದ ರಸಾಯನಶಾಸ್ತ್ರಜ್ಞ ಜಾನ್ ಉಗೆಲ್‌ಸ್ಟಾಡ್ ಅವರು (1921–1997) ಭೂಮಿಯ ಮೇಲೆಯೇ ಇದನ್ನು ಸಾಧಿಸುವ ಮಾರ್ಗವನ್ನು 1970ರ ದಶಕದಲ್ಲಿ ಕಂಡುಕೊಂಡಿದ್ದರು. ಅವರ ವಿಧಾನದಲ್ಲಿ ಮೊದಲು ಅತಿ ಸಣ್ಣ, ಸಮಗಾತ್ರದ ಬೀಜಕಣಗಳನ್ನು ಸಿದ್ಧಪಡಿಸಲಾಗುತ್ತದೆ. ನೀರಿನಲ್ಲಿ ಕರಗದ ಒಂದು ಸಣ್ಣ ಅಣುವಿನ ಪದಾರ್ಥವನ್ನು ಆ ಕಣಗಳೊಳಗೆ ಸೇರಿಸಿದರೆ, ಅವು ತಮ್ಮ ಗಾತ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸ್ಟೈರೀನನ್ನು ಹೀರಿಕೊಳ್ಳುವ ಶಕ್ತಿ ಪಡೆಯುತ್ತವೆ. ನೆನೆಹಾಕಿದ ಕಾಳುಗಳಂತೆ ಎಲ್ಲ ಕಣಗಳೂ ಸಮನಾಗಿ ಉಬ್ಬುತ್ತವೆ. ಅನಂತರ ಒಳಗಿನ ಸ್ಟೈರೀನ್ ಅಣುಗಳನ್ನು ಸರಪಳಿಯಾಗಿ ಬೆಸೆದರೆ ಸಮಗಾತ್ರದ ಘನ ಮಣಿಗಳು ದೊರೆಯುತ್ತವೆ.

ಮುಂದಿನ ಹಂತದಲ್ಲಿ ರಂಧ್ರಮಯ ಮಣಿಗಳನ್ನು ಮಾಡಿ, ಆ ರಂಧ್ರಗಳೊಳಗೆ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಹರಳುಗಳನ್ನು ತುಂಬಿ, ಹೊರಮೈಯನ್ನು ಪಾಲಿಮರಿನಿಂದ ಮುಚ್ಚಲಾಯಿತು. ಈ ಮಣಿಗಳು ಅಯಸ್ಕಾಂತವನ್ನು ಹತ್ತಿರ ತಂದಾಗ ಮಾತ್ರ ಕಾಂತಗುಣ ತೋರುತ್ತವೆ. ಅಯಸ್ಕಾಂತವನ್ನು ದೂರ ಸರಿಸಿದೊಡನೆ ಆ ಗುಣ ಇಲ್ಲವಾಗುತ್ತದೆ. ಹಾಗಾಗಿ ಅವು ತಾವುತಾವೇ ಗಂಟುಕಟ್ಟಿಕೊಳ್ಳದೆ ದ್ರವದಲ್ಲಿ ಬಿಡಿಬಿಡಿಯಾಗಿ ಹರಡಿರುತ್ತವೆ. ಇವುಗಳನ್ನು ತಯಾರಿಸಲು 1986ರಲ್ಲಿ ನಾರ್ವೆಯಲ್ಲಿ ಡೈನಾಲ್ ಎಂಬ ಸಂಸ್ಥೆ ಸ್ಥಾಪನೆಯಾಯಿತು; ಮಣಿಗಳು ಡೈನಾಬೀಡ್ಸ್ ಎಂಬ ಹೆಸರಿನಲ್ಲಿ ಜಗತ್ತಿನ ಪ್ರಯೋಗಾಲಯಗಳನ್ನು ತಲುಪಿದವು. ಆರಂಭದಲ್ಲಿ ಇವುಗಳ ಉಪಯೋಗವಿದ್ದದ್ದು ಬೇರ್ಪಡಿಸುವ ಕೆಲಸಕ್ಕೆ, ಉದಾಹರಣೆಗೆ ಅಸ್ಥಿಮಜ್ಜೆಯಲ್ಲಿ ಬೆರೆತ ಕ್ಯಾನ್ಸರ್ ಕೋಶಗಳನ್ನು ಹಿಡಿದು ಹೊರತೆಗೆಯುವುದಕ್ಕೆ. ಕೋಶಗಳನ್ನು ಬೆಳೆಸುವ ಕೆಲಸ ಅನಂತರ ಸೇರಿಕೊಂಡಿತು.

ಮಣಿಯ ಮೇಲೆ ಎರಡು ಪ್ರತಿಕಾಯಗಳು

ಸಿಡಿ28 ಪ್ರೋಟೀನಿನ ಕಾರ್ಯವನ್ನು 1980ರ ದಶಕದ ಉತ್ತರಾರ್ಧದಲ್ಲಿ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ನೌಕಾದಳದ ವೈದ್ಯಕೀಯ ಸಂಶೋಧಕರಾಗಿದ್ದ ಕಾರ್ಲ್ ಜೂನ್ ಪ್ರಮುಖರು. ಜೂನ್ ಮತ್ತು ಅವರ ಸಹೋದ್ಯೋಗಿ ಬ್ರೂಸ್ ಲೆವಿನ್ ಅವರು 1990ರ ದಶಕದಲ್ಲಿ ಸಿಡಿ3 ಮತ್ತು ಸಿಡಿ28 ಎರಡಕ್ಕೂ ಅಂಟುವ ಪ್ರತಿಕಾಯಗಳನ್ನು ಒಂದೇ ಕಾಂತೀಯ ಮಣಿಯ ಮೇಲೆ ಕೂರಿಸಿದರು. ಮಣಿಯ ವ್ಯಾಸ 4.5 ಮೈಕ್ರೋಮೀಟರ್, ಅಂದರೆ ಟಿ ಕೋಶಕ್ಕಿಂತ ಸ್ವಲ್ಪ ಚಿಕ್ಕದು. ಪೋಷಕ ಕೋಶಗಳ ನೆರವಿಲ್ಲದೆ, ಈ ಮಣಿಗಳ ಸಂಪರ್ಕದಿಂದಲೇ ಟಿ ಕೋಶಗಳು ವಾರಗಟ್ಟಲೆ ವೃದ್ಧಿಯಾಗುವುದನ್ನು ಅವರು 1997ರಲ್ಲಿ ವರದಿ ಮಾಡಿದರು.

ಆ ಕಾಲದಲ್ಲಿ ಅವರ ಗಮನವಿದ್ದದ್ದು ಎಚ್ಐವಿ ಸೋಂಕಿನ ಮೇಲೆ. ಎಚ್ಐವಿ ಪೀಡಿತರ ಟಿ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಅಪಾಯಕಾರಿ ಎನಿಸಿತ್ತು. ಕೋಶ ಎಚ್ಚರಗೊಂಡರೆ ಅದರೊಳಗೆ ಅಡಗಿದ್ದ ವೈರಸ್ಸೂ ಎಚ್ಚರಗೊಂಡು ಹೆಚ್ಚುತ್ತದೆ. ಆದರೆ ಎರಡೂ ಪ್ರತಿಕಾಯಗಳನ್ನು ಹೊತ್ತ ಮಣಿಗಳಿಂದ ಪ್ರಚೋದಿಸಿದಾಗ ಕೋಶಗಳು ಬೆಳೆದವು, ವೈರಸ್ ಹೆಚ್ಚುವ ಬದಲು ಕುಗ್ಗಿತು. 1996ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಕಾರಣವನ್ನು ಮುಂದಿನ ವರ್ಷ ವಿವರಿಸಲಾಯಿತು. ವೈರಸ್ ಕೋಶದೊಳಗೆ ನುಗ್ಗಲು ಬಳಸುವ ಸಿಸಿಆರ್5 ಎಂಬ ಗ್ರಾಹಕವು ಈ ಬಗೆಯ ಪ್ರಚೋದನೆಯಿಂದ ಕಡಿಮೆಯಾಗುತ್ತಿತ್ತು. ಕೋಶ ಬೆಳೆಯುತ್ತದೆಯೇ ಎಂಬುದನ್ನಷ್ಟೇ ಅಲ್ಲದೆ, ಬೆಳೆದ ಕೋಶ ಎಂತಹದಾಗಿರುತ್ತದೆ ಎಂಬುದನ್ನೂ ಪ್ರಚೋದಿಸುವ ರೀತಿ ನಿರ್ಧರಿಸುತ್ತದೆ ಎಂಬುದು ಇದರಿಂದ ತಿಳಿದುಬಂತು.

ಬಳಕೆಯ ವಿಧಾನ

ಚಿಕಿತ್ಸೆಗಾಗಿ ಟಿ ಕೋಶಗಳನ್ನು ಬೆಳೆಸುವ ಕ್ರಮವು ಸ್ಥೂಲವಾಗಿ ಹೀಗಿದೆ:

1. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹರಿಸಿ ಬಿಳಿ ರಕ್ತಕಣಗಳನ್ನು ಮಾತ್ರ ಸಂಗ್ರಹಿಸಲಾಗುತ್ತದೆ. ಉಳಿದ ರಕ್ತ ರೋಗಿಯ ದೇಹಕ್ಕೆ ಮರಳುತ್ತದೆ.

2. ಸಂಗ್ರಹಿಸಿದ ಕಣಗಳಿಂದ ಟಿ ಕೋಶಗಳನ್ನು ಬೇರ್ಪಡಿಸಿ, ಅವುಗಳ ಜತೆ ಪ್ರತಿಕಾಯ ಹೊತ್ತ ಮಣಿಗಳನ್ನು ಬೆರೆಸಲಾಗುತ್ತದೆ. ಒಂದು ಕೋಶಕ್ಕೆ 1 ಅಥವಾ 3 ಮಣಿಗಳ ಪ್ರಮಾಣ ಸಾಮಾನ್ಯ.

3. ಕೋಶಗಳು ಮಣಿಗಳನ್ನು ಹಿಡಿದುಕೊಂಡು ಗೊಂಚಲುಗಳಾಗುತ್ತವೆ. ಕಾರ್-ಟಿ ಚಿಕಿತ್ಸೆಯಾದರೆ ಈ ಹಂತದಲ್ಲಿ ವೈರಸ್ ವಾಹಕದ ಮೂಲಕ ಹೊಸ ವಂಶವಾಹಿಯನ್ನು ಕೋಶದೊಳಗೆ ಸೇರಿಸಲಾಗುತ್ತದೆ. ಬಳಸುವ ವಾಹಕಗಳು ಎಚ್ಚರಗೊಂಡ ಕೋಶಗಳನ್ನು ಸುಲಭವಾಗಿ ಪ್ರವೇಶಿಸುತ್ತವೆ. ಆದ್ದರಿಂದ ಮಣಿಗಳು ವಂಶವಾಹಿ ಸೇರ್ಪಡೆಗೂ ದಾರಿಮಾಡಿಕೊಡುತ್ತವೆ.

4. ಇಂಟರ್‌ಲ್ಯೂಕಿನ್-2ರಂತಹ ವೃದ್ಧಿಕಾರಕಗಳುಳ್ಳ ಪೋಷಕ ದ್ರವದಲ್ಲಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸುಮಾರು 7ರಿಂದ 11 ದಿನ ಕೋಶಗಳನ್ನು ಬೆಳೆಸಲಾಗುತ್ತದೆ.

5. ಸಾಕಷ್ಟು ಕೋಶಗಳಾದ ಮೇಲೆ ಅವುಗಳನ್ನು ಮಣಿಗಳಿಂದ ಬಿಡಿಸಿ ಅಯಸ್ಕಾಂತದ ಪಕ್ಕದಲ್ಲಿ ಹಾಯಿಸಲಾಗುತ್ತದೆ. ಮಣಿಗಳು ಅಯಸ್ಕಾಂತದ ಕಡೆ ನಿಲ್ಲುತ್ತವೆ, ಕೋಶಗಳು ಮುಂದೆ ಸಾಗುತ್ತವೆ.

6. ಗುಣಮಟ್ಟದ ಪರೀಕ್ಷೆಗಳ ನಂತರ ಕೋಶಗಳನ್ನು ರೋಗಿಯ ರಕ್ತನಾಳಕ್ಕೆ ಹರಿಸಲಾಗುತ್ತದೆ.

ಮೇಲ್ಮೈಯ ಗುಣಗಳು ಮತ್ತು ಅವುಗಳ ಪರಿಣಾಮ

ಸ್ಥಿರವಾಗಿ ಅಂಟಿರುವುದು: ಸಿಡಿ3ಕ್ಕೆ ಅಂಟುವ ಓಕೆಟಿ3 ಎಂಬ ಪ್ರತಿಕಾಯದ ಇತಿಹಾಸ ಈ ಗುಣದ ಮಹತ್ವವನ್ನು ಚೆನ್ನಾಗಿ ತೋರಿಸುತ್ತದೆ. 1986ರಲ್ಲಿ ಅಮೆರಿಕದಲ್ಲಿ ಇದಕ್ಕೆ ಔಷಧವಾಗಿ ಅನುಮೋದನೆ ದೊರೆತದ್ದು ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವುದಕ್ಕಾಗಿ: ಕಸಿ ಮಾಡಿದ ಮೂತ್ರಪಿಂಡವನ್ನು ರೋಗಿಯ ಟಿ ಕೋಶಗಳು ತಿರಸ್ಕರಿಸದಂತೆ ತಡೆಯಲು. ಶುದ್ಧೀಕರಿಸಿದ ಟಿ ಕೋಶಗಳಿರುವ ದ್ರವದಲ್ಲಿ ಇದನ್ನು ಕರಗಿಸಿದರೂ ಅವು ಹೆಚ್ಚಾಗಿ ವಿಭಜಿಸುವುದಿಲ್ಲ. ಆದರೆ ಅದೇ ಪ್ರತಿಕಾಯವನ್ನು ಪ್ಲಾಸ್ಟಿಕ್ ಮೇಲ್ಮೈಗೆ ಅಂಟಿಸಿದರೆ ಅದು ಪ್ರಬಲ ಪ್ರಚೋದಕವಾಗುತ್ತದೆ. ಮೇಲ್ಮೈಗೆ ಅಂಟಿದ ಪ್ರತಿಕಾಯಗಳು ಕೋಶದ ಹಲವು ಗ್ರಾಹಕಗಳನ್ನು ಒಂದೆಡೆ ಒಟ್ಟುಗೂಡಿಸಿ ಹಿಡಿಯುತ್ತವೆ. ಟಿ ಕೋಶವು ಗ್ರಾಹಕಗಳ ಮೂಲಕ ಎದುರಿನ ಮೇಲ್ಮೈಯನ್ನು ಎಳೆದು ನೋಡುತ್ತದೆ. ಕರಗಿದ ಅಣುವನ್ನು ಎಳೆದರೆ ಅದು ಜತೆಯಲ್ಲೇ ಬಂದುಬಿಡುತ್ತದೆ. ಅಂಟಿದ ಅಣು ಪ್ರತಿಯಾಗಿ ಬಿಗಿಹಿಡಿಯುತ್ತದೆ. ರಕ್ತದಲ್ಲಿ ಮಾನೊಸೈಟ್‌ಗಳಂತಹ ಕೋಶಗಳು ಕರಗಿದ ಪ್ರತಿಕಾಯದ ಬಾಲವನ್ನು ಹಿಡಿದುಕೊಂಡಾಗ ಆ ಕೋಶಗಳೇ ಮೇಲ್ಮೈಯಂತೆ ಕೆಲಸ ಮಾಡುವುದೂ ಉಂಟು. ಕಾರ್-ಟಿ ತಯಾರಿಕೆಯ ಕೆಲವು ವಿಧಾನಗಳಲ್ಲಿ ಮಣಿಗಳಿಲ್ಲದೆ ಕರಗಿದ ಓಕೆಟಿ3ಯನ್ನೇ ಬಳಸಲು ಸಾಧ್ಯವಾಗಿರುವುದು ಇದರಿಂದ.

ಸಾಂದ್ರತೆ ಮತ್ತು ಅಂತರ: ಪ್ರಚೋದಕ ಅಣುಗಳು ಮೇಲ್ಮೈಯಲ್ಲಿ ಒಂದಕ್ಕೊಂದು ಎಷ್ಟು ದೂರದಲ್ಲಿವೆ ಎಂಬುದೂ ಮುಖ್ಯ. ಪ್ರೋಟೀನುಗಳು ಅಂಟದಂತಹ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರಿನ ಹಿನ್ನೆಲೆಯಲ್ಲಿ ಚಿನ್ನದ ಸೂಕ್ಷ್ಮ ಚುಕ್ಕೆಗಳನ್ನು ಕ್ರಮವಾಗಿ ಜೋಡಿಸಿ, ಚುಕ್ಕೆಗಳ ಮೇಲೆ ಮಾತ್ರ ಪ್ರಚೋದಕ ಅಣುಗಳನ್ನು ಕೂರಿಸಿ ಪ್ರಯೋಗಗಳು ನಡೆದಿವೆ. ಚುಕ್ಕೆಗಳ ನಡುವಿನ ಅಂತರವು ಹತ್ತಾರು ನ್ಯಾನೊಮೀಟರ್‌ಗಳಷ್ಟಿದ್ದಾಗ ಕೋಶ ಚೆನ್ನಾಗಿ ಸ್ಪಂದಿಸುತ್ತದೆ. ಅಂತರ ಅದಕ್ಕಿಂತ ಬಹಳ ಹೆಚ್ಚಿದರೆ ಸ್ಪಂದನ ಕುಗ್ಗುತ್ತದೆ.

ಗಡಸುತನ: 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಲಿಕೋನ್ ಪಾಲಿಮರಿನ ಮೃದು ಮತ್ತು ಗಡಸು ಹಾಳೆಗಳ ಮೇಲೆ ಮನುಷ್ಯನ ಟಿ ಕೋಶಗಳನ್ನು ಬೆಳೆಸಿ ಹೋಲಿಸಲಾಯಿತು. 100 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಗಡಸುತನದ ಹಾಳೆಗಳ ಮೇಲಿನ ವೃದ್ಧಿಯು, 2 ಮೆಗಾಪ್ಯಾಸ್ಕಲ್‌ಗಿಂತ ಹೆಚ್ಚು ಗಡಸಾದ ಹಾಳೆಗಳ ಮೇಲಿನದಕ್ಕಿಂತ ಸರಾಸರಿ 4 ಪಟ್ಟು ಹೆಚ್ಚಾಗಿತ್ತು. ಆದರೆ ಪಾಲಿಅಕ್ರಿಲಮೈಡ್ ಎಂಬ, ಇನ್ನೂ ಮೆತ್ತನೆಯ ಜೆಲ್ಲಿನ ಮೇಲೆ ಇಲಿಗಳ ಟಿ ಕೋಶಗಳನ್ನಿಟ್ಟು ನೋಡಿದಾಗ ಗಡಸುತನ ಹೆಚ್ಚಿದಂತೆ ಪ್ರಚೋದನೆಯೂ ಹೆಚ್ಚಿತು. ಎಳೆದರೆ ಜಗ್ಗಿ ಬರುವಷ್ಟು ಮೆತ್ತಗೂ ಅಲ್ಲದ, ಕಲ್ಲಿನಂತೆ ಬಿರುಸೂ ಅಲ್ಲದ ಮಧ್ಯಮ ಸ್ಥಿತಿ ಅನುಕೂಲಕರವೆಂದು ಈ ಎರಡು ಫಲಿತಾಂಶಗಳನ್ನು ಕೂಡಿಸಿ ಅರ್ಥೈಸಬಹುದಾದರೂ, ಮೇಲ್ಮೈಯ ರಸಾಯನ ಮತ್ತು ಕೋಶದ ಮೂಲ ಎರಡೂ ಬೇರೆಯಾಗಿರುವುದರಿಂದ ನೇರ ಹೋಲಿಕೆ ಸಲ್ಲದು.

ಆಕಾರ: ಗುಂಡಗಿನ ಪಾಲಿಮರ್ ಮಣಿಗಳನ್ನು ತೆಳುಹಾಳೆಯೊಂದರಲ್ಲಿ ಹುದುಗಿಸಿ, ಬಿಸಿಮಾಡಿ ಎಳೆದರೆ ಅವು ಉದ್ದನೆಯ ಅಂಡಾಕಾರ ತಾಳುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇಂತಹ ಮಣಿಗಳು ಗುಂಡನೆಯವುಗಳಿಗಿಂತ ಟಿ ಕೋಶಗಳನ್ನು ಹೆಚ್ಚು ಸಮರ್ಥವಾಗಿ ಪ್ರಚೋದಿಸುತ್ತವೆ ಎಂದು ತೋರಿಸಿದ್ದಾರೆ. ಉದ್ದನೆಯ ಮಣಿಯ ಪಕ್ಕ ಹೆಚ್ಚು ಚಪ್ಪಟೆಯಾಗಿರುವುದರಿಂದ ಕೋಶದೊಡನೆ ಅಗಲವಾದ ಸಂಪರ್ಕ ಏರ್ಪಡುತ್ತದೆ.

ಇತರ ಪಾಲಿಮರ್‌ಗಳು

ಪಾಲಿಸ್ಟೈರೀನ್ ದೇಹದಲ್ಲಿ ಕರಗುವುದಿಲ್ಲ. ಆದ್ದರಿಂದ ಅದನ್ನು ಹೊರತೆಗೆಯಲೇಬೇಕು. ಈ ಮಿತಿಯನ್ನು ದಾಟಲು ಬೇರೆ ಪಾಲಿಮರ್‌ಗಳನ್ನು ಪ್ರಯತ್ನಿಸಲಾಗುತ್ತಿದೆ. ಲ್ಯಾಕ್ಟಿಕ್ ಆಮ್ಲ ಮತ್ತು ಗ್ಲೈಕಾಲಿಕ್ ಆಮ್ಲ ಸೇರಿ ಆದ ಪಿಎಲ್‌ಜಿಎ ಎಂಬ ಪಾಲಿಮರ್ ದೇಹದಲ್ಲಿ ನಿಧಾನವಾಗಿ ಆ ಎರಡು ಆಮ್ಲಗಳಾಗಿ ಒಡೆಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ, ತಾನಾಗಿ ಕರಗುವ ಹೊಲಿಗೆಯ ದಾರಗಳಲ್ಲಿ ಇದು ಮೊದಲಿನಿಂದಲೂ ಇದೆ. ಇದರ ಮಣಿಯೊಳಗೆ ವೃದ್ಧಿಕಾರಕವನ್ನು ತುಂಬಿಟ್ಟರೆ ಮಣಿ ಕರಗಿದಂತೆ ಅದು ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ.

ಮಣಿಗಳಿಗಿಂತ ಬಹಳ ಚಿಕ್ಕದಾದ, ದ್ರವದಲ್ಲಿ ಕಲಿಲರೂಪದಲ್ಲಿ ಹರಡಿಕೊಳ್ಳುವ ಪಾಲಿಮರ್ ಜಾಲಗಳೂ ಬಳಕೆಗೆ ಬಂದಿವೆ. ಇವುಗಳನ್ನು ಅಯಸ್ಕಾಂತದಿಂದ ತೆಗೆಯಬೇಕಾಗಿಲ್ಲ; ಕೋಶಗಳನ್ನು ತೊಳೆದರೆ ಸಾಕು. ನೆದರ್‌ಲ್ಯಾಂಡ್ಸ್‌ನ ನೈಮೇಖನ್ ನಗರದ ಸಂಶೋಧಕರು ಪಾಲಿಐಸೊಸಯನೊಪೆಪ್ಟೈಡ್ ಎಂಬ, ಬಳುಕುವ ಉದ್ದನೆಯ ಎಳೆಗಳ ಮೇಲೆ ಪ್ರತಿಕಾಯಗಳನ್ನು ಜೋಡಿಸಿದ್ದಾರೆ. ಎಳೆಯು ಕೋಶದ ಮೈಯ ಏರಿಳಿತಕ್ಕೆ ಹೊಂದಿಕೊಳ್ಳುತ್ತದೆ. ಕೋಶಗಳನ್ನು ಬೆಳೆಸುವ ಪಾತ್ರೆಯಲ್ಲೂ ಪಾಲಿಮರ್‌ಗಳ ಪಾತ್ರವಿದೆ: ಅನಿಲವನ್ನು ಒಳಬಿಡುವ ಸಿಲಿಕೋನ್ ಪೊರೆಯನ್ನು ತಳವಾಗಿ ಹೊಂದಿರುವ ಪಾತ್ರೆಗಳಲ್ಲಿ ಕೋಶಗಳಿಗೆ ಕೆಳಗಿನಿಂದಲೇ ಆಮ್ಲಜನಕ ದೊರೆಯುತ್ತದೆ.

ಪ್ರತಿಕಾಯಗಳಿಲ್ಲದ ಬರಿಯ ಪಾಲಿಮರ್ ಕೂಡ ರೋಗನಿರೋಧಕ ಕೋಶಗಳ ದೃಷ್ಟಿಯಲ್ಲಿ ತಟಸ್ಥವಲ್ಲ. ದೇಹದೊಳಗೆ ಕಸಿ ಮಾಡಿದ ಕೃತಕ ವಸ್ತುಗಳ ಸುತ್ತ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಮುತ್ತಿಕೊಂಡು, ಒಂದಾಗಿ ಬೆಸೆದು ದೈತ್ಯ ಕೋಶಗಳಾಗುವುದು ತಿಳಿದ ಸಂಗತಿ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಅನೇಕ ಬಗೆಯ ಪಾಲಿಮರ್‌ಗಳನ್ನು ಚುಕ್ಕೆಗಳಾಗಿ ಹಾಕಿ ಪರೀಕ್ಷಿಸಿ, ಮ್ಯಾಕ್ರೋಫೇಜ್‌ಗಳನ್ನು ಉರಿಯೂತದ ಕಡೆಗೆ ತಿರುಗಿಸುವವು ಯಾವುವು, ಗಾಯ ಮಾಯಿಸುವ ಕಡೆಗೆ ತಿರುಗಿಸುವವು ಯಾವುವು ಎಂದು ಗುರುತಿಸಿದ್ದಾರೆ.

ಚಿಕಿತ್ಸೆಯಲ್ಲಿ

ಕಾರ್ಲ್ ಜೂನ್ ಅವರು 1999ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಎಚ್ಐವಿಗಾಗಿ ರೂಪುಗೊಂಡ ಕೋಶ ಬೆಳೆಸುವ ವಿಧಾನವು ಅಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಬಳಕೆಯಾಯಿತು. ಕಾರ್-ಟಿ ವಿಧಾನದಲ್ಲಿ ಟಿ ಕೋಶಕ್ಕೆ ಹೊಸದೊಂದು ಕೃತಕ ಗ್ರಾಹಕವನ್ನು ಕೊಡಲಾಗುತ್ತದೆ. ಅದರ ನೆರವಿನಿಂದ ಅದು ಸಿಡಿ19 ಎಂಬ ಗುರುತನ್ನು ಹೊತ್ತ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುತ್ತದೆ. 2010ರಲ್ಲಿ ದೀರ್ಘಕಾಲೀನ ರಕ್ತದ ಕ್ಯಾನ್ಸರಿನ ವಯಸ್ಕ ರೋಗಿಗಳಿಗೆ ಅಲ್ಲಿ ಈ ಚಿಕಿತ್ಸೆ ದೊರೆಯಿತು. 2012ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ, ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಮರುಕಳಿಸಿ ಬೇರೆ ದಾರಿ ಉಳಿಯದಿದ್ದ 6 ವರ್ಷದ ಬಾಲಕಿ ಇದರಿಂದ ಗುಣಮುಖಳಾದಳು. 2017ರ ಆಗಸ್ಟ್ 30ರಂದು ಟಿಸಾಜೆನ್‌ಲೆಕ್ಲೂಸೆಲ್ ಎಂಬ ಕಾರ್-ಟಿ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮೋದನೆ ನೀಡಿತು. ಇದರ ತಯಾರಿಕೆಯಲ್ಲಿ ಸಿಡಿ3 ಮತ್ತು ಸಿಡಿ28 ಪ್ರತಿಕಾಯಗಳುಳ್ಳ ಕಾಂತೀಯ ಪಾಲಿಸ್ಟೈರೀನ್ ಮಣಿಗಳ ಬಳಕೆಯಿದೆ.

ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕೇಂದ್ರದ ಸಹಯೋಗದಿಂದ ರೂಪುಗೊಂಡ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮೋದನೆ ದೊರೆಯಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಇದನ್ನು ಮುಂಬಯಿಯಲ್ಲಿ ಲೋಕಾರ್ಪಣೆ ಮಾಡಿದರು. ಬೆಂಗಳೂರಿನ ಇಮ್ಯುನೀಲ್ ಥೆರಪ್ಯೂಟಿಕ್ಸ್ ಸಂಸ್ಥೆಯು ಸ್ಪೇನ್ ದೇಶದ ಬಾರ್ಸಿಲೋನಾದ ಆಸ್ಪತ್ರೆಯೊಂದರಲ್ಲಿ ರೂಪುಗೊಂಡ ಕಾರ್-ಟಿ ವಿಧಾನವನ್ನು ಭಾರತಕ್ಕೆ ತಂದು, 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಅಮೆರಿಕದಲ್ಲಿ ಟಿಸಾಜೆನ್‌ಲೆಕ್ಲೂಸೆಲ್‌ನ ಆರಂಭಿಕ ಬೆಲೆ 4,75,000 ಡಾಲರ್ ಇತ್ತು. ಭಾರತೀಯ ಚಿಕಿತ್ಸೆಗಳ ಬೆಲೆ ಇದಕ್ಕಿಂತ ಬಹಳ ಕಡಿಮೆಯಾದರೂ ಲಕ್ಷಾಂತರ ರೂಪಾಯಿಗಳಾಗುತ್ತದೆ. ಪ್ರತಿ ರೋಗಿಗೂ ಪ್ರತ್ಯೇಕವಾಗಿ ಕೋಶಗಳನ್ನು ಬೆಳೆಸಬೇಕಾಗಿರುವುದು ವೆಚ್ಚದ ಮುಖ್ಯ ಕಾರಣ. ಅಗ್ಗವಾದ, ಬೇಗ ಕೆಲಸ ಮಾಡುವ ಮೇಲ್ಮೈಗಳ ಹುಡುಕಾಟಕ್ಕೆ ಇದೂ ಒಂದು ಪ್ರೇರಣೆ.

ಮಿತಿಗಳು ಮತ್ತು ಅಪಾಯಗಳು

ಉಳಿಕೆ ಮಣಿಗಳು: ಬೇರ್ಪಡಿಸಿದ ಮೇಲೂ ಕೆಲವು ಮಣಿಗಳು ಕೋಶಗಳ ಜತೆ ಉಳಿಯಬಹುದು. 30 ಲಕ್ಷ ಕೋಶಗಳಿಗೆ 100ಕ್ಕಿಂತ ಕಡಿಮೆ ಮಣಿಗಳಿರಬೇಕು ಎಂಬ ಮಿತಿಯನ್ನು ಸಾಮಾನ್ಯವಾಗಿ ಪಾಲಿಸಲಾಗುತ್ತದೆ.

ಅತಿಪ್ರಚೋದನೆ: ಪ್ರಚೋದನೆ ಪ್ರಬಲವಾಗಿ, ದೀರ್ಘಕಾಲ ಮುಂದುವರಿದರೆ ಟಿ ಕೋಶಗಳು ಬಳಲುತ್ತವೆ. ಸಂಖ್ಯೆ ಹೆಚ್ಚಿದರೂ ಅವುಗಳ ಹೋರಾಟದ ಶಕ್ತಿ ಮತ್ತು ದೇಹದಲ್ಲಿ ಬಾಳುವ ಅವಧಿ ಕುಗ್ಗುತ್ತವೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 9 ದಿನ ಬೆಳೆಸಿದ ಕಾರ್-ಟಿ ಕೋಶಗಳಿಗಿಂತ 3 ದಿನ ಮಾತ್ರ ಬೆಳೆಸಿದವು ಇಲಿಗಳಲ್ಲಿ ಲ್ಯುಕೇಮಿಯಾವನ್ನು ಹೆಚ್ಚು ಸಮರ್ಥವಾಗಿ ಎದುರಿಸಿದವು. ಆದ್ದರಿಂದ ಎಷ್ಟು ಹೆಚ್ಚು ಬೆಳೆದರೆ ಅಷ್ಟು ಒಳ್ಳೆಯದು ಎಂಬ ಎಣಿಕೆಯನ್ನು ಸಂಶೋಧಕರು ಕೈಬಿಡುತ್ತಿದ್ದಾರೆ.

ದೇಹದೊಳಗಿನ ಪ್ರಚೋದನೆ: 2006ರ ಮಾರ್ಚ್ 13ರಂದು ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರಾಯೋಗಿಕ ಪ್ರತಿಕಾಯವನ್ನು 6 ಮಂದಿ ಆರೋಗ್ಯವಂತ ಸ್ವಯಂಸೇವಕರ ರಕ್ತನಾಳಕ್ಕೆ ನೀಡಲಾಯಿತು. ಇದು ಸಿಡಿ28ಕ್ಕೆ ಅಂಟಿ, ಮೊದಲ ಸಂಕೇತದ ಅಗತ್ಯವೇ ಇಲ್ಲದೆ ಟಿ ಕೋಶಗಳನ್ನು ಕೆರಳಿಸುವ ಬಗೆಯದು. ಕೆಲವೇ ಗಂಟೆಗಳಲ್ಲಿ ಆ ಆರೂ ಮಂದಿಯಲ್ಲಿ ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳು ಉಕ್ಕಿ, ಅಂಗಾಂಗಗಳು ಕುಸಿದು, ಅವರು ತೀವ್ರ ನಿಗಾ ಘಟಕ ಸೇರಬೇಕಾಯಿತು. ಎಲ್ಲರೂ ಬದುಕುಳಿದರು. ದೇಹದೊಳಗೆ ಎಲ್ಲ ಟಿ ಕೋಶಗಳನ್ನೂ ಒಮ್ಮೆಗೇ ಎಚ್ಚರಿಸಿದರೆ ಏನಾಗುತ್ತದೆ ಎಂಬುದಕ್ಕೆ ಈ ಘಟನೆ ನಿದರ್ಶನ. ಮಣಿಗಳ ವಿಧಾನದಲ್ಲಿ ಪ್ರಚೋದನೆ ನಡೆಯುವುದು ಪಾತ್ರೆಯೊಳಗೆ. ಎಷ್ಟು ಕೋಶಕ್ಕೆ ಎಷ್ಟು ಮಣಿ, ಎಷ್ಟು ದಿನ ಎಂಬುದು ತಯಾರಕರ ಹಿಡಿತದಲ್ಲಿರುತ್ತದೆ. ರೋಗಿಗೆ ಕೋಶಗಳನ್ನು ಕೊಡುವ ಮೊದಲು ಪ್ರಚೋದಕವನ್ನು ತೆಗೆದುಹಾಕಲಾಗುತ್ತದೆ. ಹಾಗಿದ್ದರೂ ಕಾರ್-ಟಿ ಕೋಶಗಳು ದೇಹ ಸೇರಿದ ಮೇಲೆ ಕ್ಯಾನ್ಸರ್ ಕೋಶಗಳನ್ನು ಎದುರಿಸುವಾಗ ಸೈಟೊಕೈನ್ ಉಕ್ಕುವ ಸಾಧ್ಯತೆ ಇದ್ದೇ ಇರುತ್ತದೆ. ಅದಕ್ಕೆ ಪ್ರತ್ಯೇಕ ಔಷಧೋಪಚಾರವಿದೆ.

ತಪ್ಪು ಗ್ರಹಿಕೆಗಳು

‘ರೋಗನಿರೋಧಕ ಕೋಶಗಳನ್ನು ಬೆಳೆಸುವ ಪ್ಲಾಸ್ಟಿಕ್’ ಎಂಬ ಮಾತನ್ನು ಕೇಳಿ, ಪ್ಲಾಸ್ಟಿಕ್ ಪಾತ್ರೆಗಳು ಅಥವಾ ಆಹಾರದ ಮೂಲಕ ದೇಹ ಸೇರುವ ಪ್ಲಾಸ್ಟಿಕ್ ಕಣಗಳು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತವೆ ಎಂದು ಭಾವಿಸಬಾರದು. ಇಲ್ಲಿ ವಿವರಿಸಿದ ಪ್ರಚೋದನೆಗೆ ಕಾರಣ ಮೇಲ್ಮೈಗೆ ಉದ್ದೇಶಪೂರ್ವಕವಾಗಿ ಜೋಡಿಸಿದ ಪ್ರತಿಕಾಯಗಳು. ಪಾಲಿಮರ್ ಅವುಗಳಿಗೆ ಆಧಾರ. ರೋಗನಿರೋಧಕ ಶಕ್ತಿ ಎಂದರೆ ಕೋಶಗಳ ಸಂಖ್ಯೆ ಹೆಚ್ಚುವುದು ಎಂಬ ತಿಳಿವಳಿಕೆಯೂ ಅಪೂರ್ಣ. ರಕ್ತದ ಕ್ಯಾನ್ಸರ್ ಕೂಡ ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುವ ರೋಗವೇ. ಸರಿಯಾದ ಕೋಶ, ಸರಿಯಾದ ಸಂಕೇತ ಪಡೆದು, ಸರಿಯಾದ ಹೊತ್ತಿನಲ್ಲಿ ಬೆಳೆದು, ಕೆಲಸ ಮುಗಿದ ಮೇಲೆ ತಣ್ಣಗಾಗುವುದೇ ರೋಗನಿರೋಧಕ ವ್ಯವಸ್ಥೆಯ ಆರೋಗ್ಯ. ಪಾಲಿಮರ್ ಮೇಲ್ಮೈಗಳು ಈ ಸರಣಿಯಲ್ಲಿ ಸಂಕೇತ ನೀಡುವ ಒಂದು ಹಂತವನ್ನು ಮಾತ್ರ ಮನುಷ್ಯನ ಹಿಡಿತಕ್ಕೆ ತಂದಿವೆ.